ಗರ್ಭಾವಸ್ಥೆಯಲ್ಲಿ ಓಟದ ಅಭ್ಯಾಸ ಮತ್ತು ಓಟದ ವೇಗ: ದೈಹಿಕ ಸಾಮರ್ಥ್ಯ ಪರೀಕ್ಷೆಗೆ ಸಿದ್ಧರಾಗುತ್ತಿರುವ ಮಹಿಳಾ ಅಭ್ಯರ್ಥಿಗಳ ಮಾಹಿತಿಗಾಗಿ

ಪೊಲೀಸ್ ಹಾಗೂ ಇತರ ಸಮವಸ್ತ್ರ ಸೇವೆಗಳ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಮಹಿಳೆಯರಲ್ಲಿ ವಿವಾಹಿತರ ಸಂಖ್ಯೆಯೂ ಗಣನೀಯವಾಗಿದೆ. ಅಧಿಸೂಚನೆ ಹೊರಬಿದ್ದ ದಿನದಿಂದ ದೈಹಿಕ ಸಾಮರ್ಥ್ಯ ಪರೀಕ್ಷೆ ನಡೆಯುವವರೆಗೆ ಹಲವು ತಿಂಗಳುಗಳು ಕಳೆಯುವುದುಂಟು. ಈ ಅವಧಿಯಲ್ಲಿ ಗರ್ಭ ಧರಿಸಿದ ಅಭ್ಯರ್ಥಿಗಳ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಓಟದ ಅಭ್ಯಾಸವನ್ನು ಮುಂದುವರಿಸಬಹುದೇ? ನಿಗದಿತ ಕಾಲಮಿತಿಯೊಳಗೆ ಓಡುವ ವೇಗವನ್ನು ಗಳಿಸುವುದು ಹೇಗೆ? ಈ ಪ್ರಶ್ನೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಇದರ ಸಾರಾಂಶ ಹೀಗಿದೆ. ಆರೋಗ್ಯವಂತ ಗರ್ಭಿಣಿಯು ಈ ಮೊದಲಿನಿಂದಲೂ ಓಡುವ ರೂಢಿಯುಳ್ಳವರಾಗಿದ್ದಲ್ಲಿ, ವೈದ್ಯರ ಒಪ್ಪಿಗೆ ಪಡೆದು ಮಿತವಾಗಿ ಓಟವನ್ನು ಮುಂದುವರಿಸಬಹುದು. ಆದರೆ ಗಡಿಯಾರದೊಂದಿಗೆ ಪೈಪೋಟಿ ನಡೆಸುವ ಕಾಲ ಇದಲ್ಲ. ಗರ್ಭಾವಸ್ಥೆಯಲ್ಲಿ ಕಾಪಾಡಿಕೊಳ್ಳಬೇಕಾದದ್ದು ದೇಹದ ಕಸುವನ್ನು ಮತ್ತು ಅಭ್ಯಾಸದ ಕ್ರಮವನ್ನು. ವೇಗವನ್ನು ಹೆರಿಗೆಯ ನಂತರ ಹಂತ ಹಂತವಾಗಿ ಗಳಿಸತಕ್ಕದ್ದು.

1. ಪರೀಕ್ಷೆಯಲ್ಲಿ ನಿರೀಕ್ಷಿಸಲಾಗುವ ವೇಗ

ರಾಜ್ಯದ ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗಳ ನೇಮಕಾತಿಯಲ್ಲಿ ಮಹಿಳಾ ಅಭ್ಯರ್ಥಿಗಳು 400 ಮೀಟರ್ ದೂರವನ್ನು 2 ನಿಮಿಷಗಳೊಳಗೆ ಓಡಬೇಕಾಗಿರುತ್ತದೆ. ಅಂದರೆ ಪ್ರತಿ 100 ಮೀಟರಿಗೆ 30 ಸೆಕೆಂಡುಗಳು. ಗಂಟೆಗೆ 12 ಕಿಲೋಮೀಟರ್ ವೇಗ. ಕೇಂದ್ರ ಸಶಸ್ತ್ರ ಪಡೆಗಳ ಕಾನ್ಸ್‌ಟೇಬಲ್ ಹುದ್ದೆಗಳಿಗೆ ಮಹಿಳೆಯರು ಸಾಮಾನ್ಯವಾಗಿ 1.6 ಕಿಲೋಮೀಟರ್ ದೂರವನ್ನು ಎಂಟೂವರೆ ನಿಮಿಷಗಳಲ್ಲಿ ಕ್ರಮಿಸಬೇಕಾಗುತ್ತದೆ. ಆಯಾ ಅಧಿಸೂಚನೆಯಲ್ಲಿ ನಮೂದಿಸಿರುವ ಮಾನದಂಡವೇ ಅಂತಿಮವಾಗಿರುತ್ತದೆ.

ಆರೋಗ್ಯವಂತ ಯುವತಿಗೆ ಕೆಲವು ತಿಂಗಳ ಕ್ರಮಬದ್ಧ ಅಭ್ಯಾಸದಿಂದ ಈ ವೇಗ ಸಾಧ್ಯ. ಆದರೆ ಅಭ್ಯಾಸವಿಲ್ಲದವರಿಗೆ ಇದು ಏದುಸಿರು ತರಿಸುವ ಓಟ. ಗರ್ಭಿಣಿಯ ದೇಹಕ್ಕೆ ಇದರ ಹೊರೆ ಇನ್ನೂ ಹೆಚ್ಚು.

2. ಗರ್ಭಾವಸ್ಥೆಯಲ್ಲಿ ಓಟದ ವೇಗ ಕುಂದಲು ಕಾರಣಗಳು

ಅ) ರಕ್ತದ ಒಟ್ಟು ಪ್ರಮಾಣವು ಗರ್ಭಾವಸ್ಥೆಯ ಕೊನೆಯ ತಿಂಗಳುಗಳ ವೇಳೆಗೆ ಸುಮಾರು ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ರಕ್ತ ತೆಳುವಾಗಿ, ಹಿಮೋಗ್ಲೋಬಿನ್ ಮಟ್ಟ ಇಳಿಯುತ್ತದೆ.

ಆ) ವಿಶ್ರಾಂತಿಯಲ್ಲಿರುವಾಗಲೂ ನಾಡಿಬಡಿತವು ನಿಮಿಷಕ್ಕೆ 10ರಿಂದ 20ರಷ್ಟು ಏರಿರುತ್ತದೆ. ಹೃದಯವು ಎರಡು ಜೀವಗಳಿಗಾಗಿ ದುಡಿಯುತ್ತಿರುವುದರಿಂದ ಓಟಕ್ಕೆ ಒದಗುವ ಮೀಸಲು ಶಕ್ತಿ ಕಡಿಮೆಯಾಗುತ್ತದೆ.

ಇ) ದೇಹದ ತೂಕ ಏರುತ್ತದೆ. ಬೆಳೆಯುವ ಹೊಟ್ಟೆಯಿಂದಾಗಿ ಶರೀರದ ಸಮತೋಲನ ಬದಲಾಗುತ್ತದೆ. ಎಡವಿ ಬೀಳುವ ಸಂಭವ ಹೆಚ್ಚುತ್ತದೆ.

ಈ) ಗರ್ಭಾವಸ್ಥೆಯ ಹಾರ್ಮೋನುಗಳ ಪ್ರಭಾವದಿಂದ ಕೀಲುಗಳ ಬಿಗಿ ಸಡಿಲವಾಗುತ್ತದೆ. ಸೊಂಟ ಹಾಗೂ ಕಿಬ್ಬೊಟ್ಟೆಯ ಕೆಳಭಾಗದ ಸ್ನಾಯುಗಳ ಮೇಲೆ ಭಾರ ಬೀಳುತ್ತದೆ.

ಅಮೆರಿಕದ ಓಟಗಾರ್ತಿ ಅಲಿಸಿಯಾ ಮೊಂಟಾನೊ 2014ರಲ್ಲಿ ತಮ್ಮ ದೇಶದ ರಾಷ್ಟ್ರೀಯ ಕೂಟದಲ್ಲಿ 34 ವಾರಗಳ ಗರ್ಭಿಣಿಯಾಗಿದ್ದಾಗ 800 ಮೀಟರ್ ಓಡಿದರು. ಅವರು ತೆಗೆದುಕೊಂಡ ಕಾಲ 2 ನಿಮಿಷ 32 ಸೆಕೆಂಡು. ಇದು ಅವರ ಅತ್ಯುತ್ತಮ ಸಾಧನೆಗಿಂತ ಸುಮಾರು 35 ಸೆಕೆಂಡುಗಳಷ್ಟು ನಿಧಾನ. ವರ್ಷಗಟ್ಟಲೆ ತರಬೇತಿ ಪಡೆದು, ವೈದ್ಯರ ನಿಗಾದಲ್ಲಿದ್ದ ಕ್ರೀಡಾಪಟುವಿನ ವೇಗವೇ ಇಷ್ಟು ಇಳಿದಿತ್ತು. ಆದುದರಿಂದ ವೇಗ ತಗ್ಗಿತೆಂದು ಅಭ್ಯರ್ಥಿಗಳು ಎದೆಗುಂದಬೇಕಾಗಿಲ್ಲ. ಅದು ದೇಹದ ಸಹಜ ಧರ್ಮ.

3. ಮಿತಿ ಮೀರಿದ ಓಟದಿಂದಾಗುವ ಅಪಾಯ

2012ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದರಲ್ಲಿ ಒಲಿಂಪಿಕ್ ಮಟ್ಟದ 6 ಮಂದಿ ಗರ್ಭಿಣಿ ಕ್ರೀಡಾಪಟುಗಳನ್ನು 23ರಿಂದ 29ನೇ ವಾರದ ಅವಧಿಯಲ್ಲಿ ಪರೀಕ್ಷಿಸಲಾಯಿತು. ತಾಯಿಯ ನಾಡಿಬಡಿತವು ಆಕೆಯ ಗರಿಷ್ಠ ಮಟ್ಟದ ಶೇ. 90ನ್ನು ಮೀರಿದಾಗ ಗರ್ಭಕೋಶದ ರಕ್ತಸಂಚಾರ ತಗ್ಗಿ, ಶಿಶುವಿನ ಹೃದಯಬಡಿತ ಕುಸಿದದ್ದು ಕಂಡುಬಂದಿತು. ವ್ಯಾಯಾಮ ನಿಲ್ಲಿಸಿದ ಬಳಿಕ ಅದು ಸಹಜ ಸ್ಥಿತಿಗೆ ಮರಳಿತು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದಾದರೂ ಇದರಿಂದ ದೊರೆಯುವ ಎಚ್ಚರಿಕೆ ಸ್ಪಷ್ಟವಾಗಿದೆ. ಗರ್ಭಿಣಿಯರು ತಮ್ಮ ಪೂರ್ಣ ಶಕ್ತಿಯನ್ನು ಬಳಸಿ ಓಡಬಾರದು. ಕಾಲಮಿತಿಯ ಓಟದ ಪರೀಕ್ಷೆ ಬಹುಪಾಲು ಇಂತಹ ಓಟವೇ ಆಗಿರುತ್ತದೆಂಬುದನ್ನು ಗಮನಿಸತಕ್ಕದ್ದು.

ಎರಡನೆಯ ಅಪಾಯ ಬಿಸಿಲು. ದೇಹದ ಒಳತಾಪ ಅತಿಯಾಗಿ ಏರುವುದು, ಅದರಲ್ಲೂ ಮೊದಲ ಮೂರು ತಿಂಗಳುಗಳಲ್ಲಿ, ಶಿಶುವಿನ ಬೆಳವಣಿಗೆಗೆ ಹಾನಿಕರ. ಕಲಬುರಗಿ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ದೇಹ ತಂಪಾಗುವುದಿಲ್ಲ. ಆದ್ದರಿಂದ ಅಭ್ಯಾಸವನ್ನು ಮುಂಜಾವಿನ ತಂಪು ಹೊತ್ತಿನಲ್ಲಿ ಮಾತ್ರ ನಡೆಸುವುದು.

4. ಓಟದ ಅಭ್ಯಾಸ ಯಾರಿಗೆ ನಿಷಿದ್ಧ?

ಈ ಕೆಳಕಂಡ ಸಮಸ್ಯೆಗಳಿರುವ ಗರ್ಭಿಣಿಯರು ಓಡಬಾರದು. ನಡಿಗೆಯನ್ನೂ ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು.

- ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ
- ಗರ್ಭನಂಜು ಅಥವಾ ಹತೋಟಿಗೆ ಬಾರದ ರಕ್ತದೊತ್ತಡ
- ತೀವ್ರ ರಕ್ತಹೀನತೆ
- ಗರ್ಭಕೋಶದ ಬಾಯಿ ದುರ್ಬಲವಾಗಿರುವುದು ಅಥವಾ ಅದಕ್ಕೆ ಹೊಲಿಗೆ ಹಾಕಿರುವುದು
- ಮಾಸು ಗರ್ಭಕೋಶದ ಕೆಳಭಾಗದಲ್ಲಿ ಬಾಯಿಗೆ ಅಡ್ಡವಾಗಿರುವುದು
- ನಿಲ್ಲದ ರಕ್ತಸ್ರಾವ, ಗರ್ಭಜಲ ಸೋರಿಕೆ ಅಥವಾ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ
- ಅವಳಿ ಅಥವಾ ಅದಕ್ಕೂ ಹೆಚ್ಚು ಶಿಶುಗಳಿದ್ದು ಅವಧಿಪೂರ್ವ ಹೆರಿಗೆಯ ಭೀತಿ ಇರುವುದು

ರಕ್ತಹೀನತೆಯ ಬಗ್ಗೆ ವಿಶೇಷ ಗಮನ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಗರ್ಭಿಣಿಯ ಹಿಮೋಗ್ಲೋಬಿನ್ ಮಟ್ಟ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಅದು ರಕ್ತಹೀನತೆ. 7 ಗ್ರಾಂಗಿಂತ ಕಡಿಮೆಯಿದ್ದಲ್ಲಿ ತೀವ್ರ ರಕ್ತಹೀನತೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಯಾವ ಗರ್ಭಿಣಿಯೂ ಓಟದ ಅಭ್ಯಾಸಕ್ಕೆ ಇಳಿಯಬಾರದು. ಓಡುವಾಗ ಬೇಗನೆ ದಣಿವಾಗುತ್ತಿದ್ದರೆ ಅದಕ್ಕೆ ಅಭ್ಯಾಸದ ಕೊರತೆ ಕಾರಣವಾಗಿರದೆ ರಕ್ತದ ಕೊರತೆ ಕಾರಣವಾಗಿರಬಹುದು.

5. ಗರ್ಭಾವಸ್ಥೆಯಲ್ಲಿ ಅಭ್ಯಾಸದ ಕ್ರಮ

ಆರೋಗ್ಯವಂತ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ. ದಿನಕ್ಕೆ 30 ನಿಮಿಷಗಳಂತೆ ವಾರಕ್ಕೆ 5 ದಿನ ಬಿರುಸಾಗಿ ನಡೆದರೆ ಇದು ಪೂರೈಸುತ್ತದೆ. ಗರ್ಭ ಧರಿಸುವ ಮೊದಲು ಓಟದ ರೂಢಿ ಇಲ್ಲದವರು ಈ ಅವಧಿಯಲ್ಲಿ ಹೊಸದಾಗಿ ಓಟ ಆರಂಭಿಸದೆ ನಡಿಗೆಯನ್ನೇ ಅನುಸರಿಸುವುದು ಕ್ಷೇಮ.

ಶ್ರಮದ ಪ್ರಮಾಣವನ್ನು ಅಳೆಯಲು ಯಂತ್ರೋಪಕರಣ ಬೇಕಾಗಿಲ್ಲ. ಓಡುತ್ತಿರುವಾಗ ಜೊತೆಯಲ್ಲಿರುವವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ಶ್ರಮ ಮಿತಿಯಲ್ಲಿದೆ ಎಂದರ್ಥ. ಮಾತು ಕಡಿದು ಕಡಿದು ಬರುತ್ತಿದ್ದರೆ ಕೂಡಲೇ ನಡಿಗೆಗೆ ಇಳಿಯತಕ್ಕದ್ದು. ನಾಡಿಬಡಿತದ ಲೆಕ್ಕಕ್ಕಿಂತ ಗರ್ಭಿಣಿಯರಿಗೆ ಈ ವಿಧಾನವೇ ಹೆಚ್ಚು ವಿಶ್ವಾಸಾರ್ಹ.

ಮೊದಲ 12 ವಾರಗಳು: ಓಟದ ರೂಢಿಯುಳ್ಳವರು ವಾರಕ್ಕೆ 3 ದಿನ, 20ರಿಂದ 30 ನಿಮಿಷ ನಿಧಾನವಾಗಿ ಓಡಬಹುದು. ವಾಂತಿ, ವಾಕರಿಕೆ, ತಲೆಸುತ್ತು ಇರುವ ದಿನಗಳಲ್ಲಿ ವಿಶ್ರಾಂತಿ ಪಡೆಯುವುದು. ಗಡಿಯಾರ ಹಿಡಿದು ಓಡುವುದನ್ನು ಈ ಹಂತದಿಂದಲೇ ನಿಲ್ಲಿಸುವುದು.

13ರಿಂದ 27ನೇ ವಾರ: ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂಬಂತೆ ಬದಲಿಸುತ್ತಾ 20 ನಿಮಿಷಗಳ ಅಭ್ಯಾಸ ಸಾಕು. ಸಮತಟ್ಟಾದ ಮೈದಾನವನ್ನೇ ಆರಿಸಿಕೊಳ್ಳುವುದು. ಉಬ್ಬುತಗ್ಗಿನ ಹೊಲದ ಬದು, ವಾಹನ ಸಂಚಾರದ ರಸ್ತೆ ಮತ್ತು ಮಳೆಯಿಂದ ಜಾರುವ ನೆಲ ಬೇಡ. ಉದ್ದ ಜಿಗಿತ ಹಾಗೂ ಎತ್ತರ ಜಿಗಿತದ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸುವುದು.

28ನೇ ವಾರದಿಂದ ಹೆರಿಗೆಯವರೆಗೆ: ಬಹುತೇಕ ಮಹಿಳೆಯರಿಗೆ ಈ ಅವಧಿಯಲ್ಲಿ ನಡಿಗೆಯೇ ಯೋಗ್ಯ. ಕೆಳಹೊಟ್ಟೆಯಲ್ಲಿ ಭಾರ ಜಗ್ಗಿದಂತಾಗುವುದು, ಓಡುವಾಗ ಮೂತ್ರ ಸೋರುವುದು, ಸೊಂಟದ ಸಂದುಗಳಲ್ಲಿ ನೋವು, ಇವುಗಳಲ್ಲಿ ಯಾವುದೇ ಒಂದು ಕಾಣಿಸಿಕೊಂಡರೂ, ಎಷ್ಟನೇ ವಾರವಾಗಿದ್ದರೂ, ಓಟವನ್ನು ಬಿಡತಕ್ಕದ್ದು.

6. ಮುಂದಿನ ವೇಗಕ್ಕೆ ಈಗಲೇ ಹಾಕಬಹುದಾದ ಬುನಾದಿ

ಓಟದ ವೇಗವು ಉಸಿರಿನ ಬಲ, ಕಾಲಿನ ಬಲ ಮತ್ತು ಓಟದ ಭಂಗಿ ಎಂಬ ಮೂರನ್ನು ಅವಲಂಬಿಸಿದೆ. ಉಸಿರಿನ ಬಲವನ್ನು ನಡಿಗೆಯಿಂದ ಕಾಪಾಡಿಕೊಳ್ಳಬಹುದು. ಉಳಿದೆರಡನ್ನು ಗರ್ಭಾವಸ್ಥೆಯಲ್ಲಿಯೂ ಸುರಕ್ಷಿತವಾಗಿ ಉತ್ತಮಪಡಿಸಿಕೊಳ್ಳಲು ಸಾಧ್ಯ.

- ಗಟ್ಟಿಯಾದ ಕುರ್ಚಿಯಿಂದ ಕೈಯಾಸರೆ ಇಲ್ಲದೆ ಎದ್ದು ಕೂರುವುದು: 10 ಬಾರಿ, 2 ಸುತ್ತು. ಇದರಿಂದ ತೊಡೆಗೆ ಬಲ ಬರುತ್ತದೆ.
- ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು: 15 ಬಾರಿ, 2 ಸುತ್ತು. ಇದರಿಂದ ಮೀನಖಂಡಕ್ಕೆ ಬಲ ಬರುತ್ತದೆ.
- ಗೋಡೆಗೆ ಅಂಗೈಯೂರಿ ತೋಳು ಮಡಿಸಿ ಚಾಚುವುದು: 10 ಬಾರಿ.
- ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು 5ರಿಂದ 10 ಸೆಕೆಂಡು ಬಿಗಿಹಿಡಿದು ಸಡಿಲಿಸುವುದು: 10 ಬಾರಿ, ದಿನಕ್ಕೆ 3 ಸಲ. ಮೂತ್ರ ವಿಸರ್ಜಿಸುತ್ತಿರುವಾಗ ಇದನ್ನು ಮಾಡಬಾರದು.
- ನಡೆಯುವಾಗ ಬೆನ್ನು ನೇರವಾಗಿ, ಹೆಗಲು ಸಡಿಲವಾಗಿ, ಹೆಜ್ಜೆ ಚಿಕ್ಕದಾಗಿ ಇರಿಸುವ ರೂಢಿ. ಇದೇ ಭಂಗಿ ಮುಂದೆ ಓಟಕ್ಕೂ ಒದಗುತ್ತದೆ.

ಗರ್ಭಾವಸ್ಥೆಯ ನಡುಭಾಗದ ನಂತರ ಅಂಗಾತ ಮಲಗಿ ದೀರ್ಘಕಾಲ ವ್ಯಾಯಾಮ ಮಾಡಬಾರದು. ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಪರೀಕ್ಷೆಯಲ್ಲಿ ಗುಂಡು ಎಸೆತವಿದ್ದರೂ ಅದರ ಅಭ್ಯಾಸವನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳುವುದು.

7. ಆಹಾರ, ನೀರು ಮತ್ತು ಮಾತ್ರೆಗಳು

ಗರ್ಭಿಣಿಗೆ ದಿನನಿತ್ಯದ ಆಹಾರದ ಜೊತೆಗೆ ಸುಮಾರು 350 ಕಿಲೋಕ್ಯಾಲರಿ, ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 600 ಕಿಲೋಕ್ಯಾಲರಿ ಹೆಚ್ಚುವರಿ ಶಕ್ತಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದೆ. ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕು. ರಾಗಿ, ಬೇಳೆ, ಮೊಳಕೆ ಕಾಳು, ಸೊಪ್ಪು, ಮೊಟ್ಟೆ, ಹಾಲು ಮತ್ತು ಆಯಾ ಋತುವಿನ ಹಣ್ಣುಗಳನ್ನು ಸೇವಿಸುವುದು. ಬರಿಹೊಟ್ಟೆಯಲ್ಲಿ ಓಡಬಾರದು, ತೂಕ ಇಳಿಸುವ ಉದ್ದೇಶದಿಂದ ಊಟ ಬಿಡಬಾರದು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಸೇವಿಸತಕ್ಕದ್ದು. ಈ ಮಾತ್ರೆಯನ್ನು ಕಾಫಿ ಅಥವಾ ಚಹಾದೊಂದಿಗೆ ನುಂಗಬಾರದು. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ಸೇವಿಸುವುದು. ಓಟದಿಂದ ಮೈಕೈ ನೋವಾದಲ್ಲಿ ಔಷಧಿ ಅಂಗಡಿಯಿಂದ ನೋವು ನಿವಾರಕ ಮಾತ್ರೆ ತಂದು ನುಂಗುವುದು ಗರ್ಭಸ್ಥ ಶಿಶುವಿಗೆ ಅಪಾಯಕಾರಿಯಾಗಬಹುದು.

8. ಕೂಡಲೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕಾದ ಚಿಹ್ನೆಗಳು

- ಯೋನಿಯಿಂದ ರಕ್ತಸ್ರಾವ ಅಥವಾ ನೀರು ಸೋರುವಿಕೆ
- ಹೊಟ್ಟೆನೋವು ಅಥವಾ ಕ್ರಮವಾಗಿ ಬರುವ ನೋವಿನ ಬಿಗಿತ
- ಎದೆನೋವು, ಓಡುವ ಮೊದಲೇ ಉಸಿರು ಕಟ್ಟಿದಂತಾಗುವುದು
- ತಲೆಸುತ್ತು, ಕಣ್ಣು ಮಂಜಾಗುವುದು, ತೀವ್ರ ತಲೆನೋವು
- ಮೀನಖಂಡದಲ್ಲಿ ನೋವು ಅಥವಾ ಒಂದೇ ಕಾಲಿನ ಊತ
- ಶಿಶುವಿನ ಚಲನೆ ಕಡಿಮೆಯಾದಂತೆ ಅನಿಸುವುದು

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಸೇವೆ ಪಡೆಯಬಹುದು.

9. ಹೆರಿಗೆಯ ನಂತರ ವೇಗ ಗಳಿಸುವ ಕ್ರಮ

ಮೊದಲ 6 ವಾರ ಬಾಣಂತಿಗೆ ವಿಶ್ರಾಂತಿ ಮುಖ್ಯ. ಆದರೆ ವಿಶ್ರಾಂತಿಯೆಂದರೆ ಸದಾ ಹಾಸಿಗೆ ಹಿಡಿದಿರುವುದಲ್ಲ. ಮನೆಯೊಳಗೆ ಹಾಗೂ ಅಂಗಳದಲ್ಲಿ ಅಲ್ಪ ನಡಿಗೆ ಮತ್ತು ಮೇಲೆ ತಿಳಿಸಿದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಹಿತಕರ. ಕೆಲವು ಮನೆಗಳಲ್ಲಿ ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ರೂಢಿ ಇದೆ. ಇದು ಸರಿಯಲ್ಲ, ಹಾಲುಣಿಸುವ ತಾಯಿಗೆ ನೀರಿನ ಅಗತ್ಯ ಹೆಚ್ಚು. ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವರು ಗಾಯ ಪೂರ್ಣ ಮಾಯುವವರೆಗೆ ವೈದ್ಯರ ಸಲಹೆಯಂತೆ ನಡೆದುಕೊಳ್ಳತಕ್ಕದ್ದು.

12 ವಾರಗಳು ತುಂಬುವ ಮೊದಲು ಓಟವನ್ನು ಆರಂಭಿಸದಿರುವುದು ಉತ್ತಮ. ನೋವು ಅಥವಾ ಮೂತ್ರ ಸೋರುವಿಕೆ ಇಲ್ಲದೆ 30 ನಿಮಿಷ ನಡೆಯಲು, ಒಂಟಿ ಕಾಲಿನ ಮೇಲೆ 10 ಸೆಕೆಂಡು ನಿಲ್ಲಲು ಹಾಗೂ ನಿಂತಲ್ಲಿಯೇ ಒಂದು ನಿಮಿಷ ಓಡಲು ಸಾಧ್ಯವಾದ ಬಳಿಕ ಮುಂದಿನ ಹಂತಕ್ಕೆ ಹೋಗುವುದು. 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕಾದವರಿಗೆ ಮಾದರಿ ಕ್ರಮವೊಂದನ್ನು ಕೆಳಗೆ ನೀಡಲಾಗಿದೆ. ವಾರಗಳನ್ನು ಹೆರಿಗೆಯ ದಿನದಿಂದ ಎಣಿಸಲಾಗಿದೆ.

- 13ರಿಂದ 15ನೇ ವಾರ: 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, 8 ಬಾರಿ. ವಾರಕ್ಕೆ 3 ದಿನ.
- 16ರಿಂದ 18ನೇ ವಾರ: 3 ನಿಮಿಷ ನಿಧಾನ ಓಟ, 1 ನಿಮಿಷ ನಡಿಗೆ, 6 ಬಾರಿ.
- 19ರಿಂದ 21ನೇ ವಾರ: 2 ದಿನ 20 ನಿಮಿಷಗಳ ನಿರಂತರ ನಿಧಾನ ಓಟ. ಒಂದು ದಿನ 100 ಮೀಟರನ್ನು 35 ಸೆಕೆಂಡಿನಲ್ಲಿ, 4 ಬಾರಿ.
- 22ರಿಂದ 24ನೇ ವಾರ: ಒಂದು ದಿನ 100 ಮೀಟರನ್ನು 30 ಸೆಕೆಂಡಿನಲ್ಲಿ, 6 ಬಾರಿ, ನಡುವೆ 2 ನಿಮಿಷ ನಡಿಗೆ. ಉಳಿದ 2 ದಿನ ನಿಧಾನ ಓಟ.
- 25ರಿಂದ 27ನೇ ವಾರ: ಒಂದು ದಿನ 200 ಮೀಟರನ್ನು 60 ಸೆಕೆಂಡಿನಲ್ಲಿ, 3 ಬಾರಿ, ನಡುವೆ 4 ನಿಮಿಷ ನಡಿಗೆ. ಉಳಿದ 2 ದಿನ ನಿಧಾನ ಓಟ.
- 28ನೇ ವಾರ: 300 ಮೀಟರನ್ನು 90 ಸೆಕೆಂಡಿನಲ್ಲಿ ಓಡಿ, ವಿಶ್ರಾಂತಿಯ ಬಳಿಕ 100 ಮೀಟರನ್ನು 30 ಸೆಕೆಂಡಿನಲ್ಲಿ ಓಡುವುದು.
- 29 ಅಥವಾ 30ನೇ ವಾರ: 400 ಮೀಟರ್ ಪೂರ್ಣ ಓಟ.

ಮೊದಲು ದೂರ, ಅನಂತರ ವೇಗ ಎಂಬುದು ಇಲ್ಲಿನ ನಿಯಮ. ಯಾವುದೇ ಹಂತದಲ್ಲಿ ತೊಂದರೆ ಕಂಡಲ್ಲಿ ಹಿಂದಿನ ಹಂತಕ್ಕೆ ಮರಳುವುದು. ಓಟಕ್ಕೆ ಮುನ್ನ ಮಗುವಿಗೆ ಹಾಲುಣಿಸುವುದು ಇಬ್ಬರಿಗೂ ಹಿತ. ಮಿತವಾದ ವ್ಯಾಯಾಮದಿಂದ ಎದೆಹಾಲು ಬತ್ತುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಜಮೈಕಾ ದೇಶದ ಶೆಲ್ಲಿ-ಆ್ಯನ್ ಫ್ರೇಸರ್-ಪ್ರೈಸ್ 2017ರ ಆಗಸ್ಟ್‌ನಲ್ಲಿ ತಾಯಿಯಾಗಿ, 2019ರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನಲ್ಲಿ 100 ಮೀಟರ್ ಓಟದ ಚಿನ್ನದ ಪದಕ ಗೆದ್ದರು. ನಮ್ಮ ದೇಶದ ಪಿ.ಟಿ. ಉಷಾ ತಾಯಿಯಾದ ಬಳಿಕ ಕ್ರೀಡಾಂಗಣಕ್ಕೆ ಮರಳಿ, 1998ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನಲ್ಲಿ ಪದಕಗಳನ್ನು ಗಳಿಸಿದರು. ತಾಯ್ತನದಿಂದ ಓಟದ ವೇಗ ಶಾಶ್ವತವಾಗಿ ನಷ್ಟವಾಗುವುದಿಲ್ಲ ಎಂಬುದಕ್ಕೆ ಇವರು ನಿದರ್ಶನ.

10. ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

ಗರ್ಭಿಣಿ ಅಭ್ಯರ್ಥಿಗಳ ಕುರಿತ ಷರತ್ತುಗಳು ನೇಮಕಾತಿಯಿಂದ ನೇಮಕಾತಿಗೆ ಭಿನ್ನವಾಗಿರುತ್ತವೆ. ಕೆಲವು ಅಧಿಸೂಚನೆಗಳ ಪ್ರಕಾರ ಗರ್ಭಿಣಿಯರಿಗೆ ದೈಹಿಕ ಸಾಮರ್ಥ್ಯ ಪರೀಕ್ಷೆಗೆ ಅವಕಾಶವಿರುವುದಿಲ್ಲ. ಇನ್ನು ಕೆಲವು ಹುದ್ದೆಗಳಲ್ಲಿ 12 ವಾರ ಅಥವಾ ಅದಕ್ಕೂ ಹೆಚ್ಚಿನ ಗರ್ಭಾವಸ್ಥೆಯಲ್ಲಿರುವವರನ್ನು ತಾತ್ಕಾಲಿಕವಾಗಿ ಅನರ್ಹರೆಂದು ಪರಿಗಣಿಸಿ, ಹೆರಿಗೆಯಾದ 6 ವಾರಗಳ ನಂತರ ಮರು ವೈದ್ಯಕೀಯ ಪರೀಕ್ಷೆಗೆ ಅವಕಾಶ ನೀಡಲಾಗುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಅಧಿಸೂಚನೆಯನ್ನು ಸಂಪೂರ್ಣವಾಗಿ ಓದಿಕೊಳ್ಳುವುದು. ಪರೀಕ್ಷೆಯ ದಿನಾಂಕ ಮುಂದೂಡಲು ಅವಕಾಶವಿದೆಯೇ ಎಂಬುದನ್ನು ನೇಮಕಾತಿ ಪ್ರಾಧಿಕಾರಕ್ಕೆ ಲಿಖಿತವಾಗಿ ಬರೆದು, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಸಕಾಲದಲ್ಲಿ ಕೇಳತಕ್ಕದ್ದು. ಮನವಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳುವುದು.

ಗರ್ಭಿಣಿಯಾಗಿರುವ ಸಂಗತಿಯನ್ನು ಮರೆಮಾಚಿ ಓಟದ ಪರೀಕ್ಷೆಗೆ ಹಾಜರಾಗಬಾರದು. ಮೈದಾನದಲ್ಲಿ ಅವಘಡ ಸಂಭವಿಸಿದಲ್ಲಿ ಸ್ಥಳದಲ್ಲಿರುವ ವೈದ್ಯಕೀಯ ಸಿಬ್ಬಂದಿಗೆ ಸೂಕ್ತ ಚಿಕಿತ್ಸೆ ನೀಡಲು ಈ ಮಾಹಿತಿ ಅತ್ಯಗತ್ಯ. ಪರೀಕ್ಷೆಗಾಗಿ ತಮ್ಮಷ್ಟಕ್ಕೆ ತಾವೇ ಮಾತ್ರೆ ನುಂಗಿ ಗರ್ಭಪಾತಕ್ಕೆ ಯತ್ನಿಸುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಕುಟುಂಬದವರೂ ಅಭ್ಯರ್ಥಿಯ ಮೇಲೆ ಇಂತಹ ಒತ್ತಡ ಹೇರಬಾರದು. ನೇಮಕಾತಿ ಅಧಿಸೂಚನೆಗಳು ಮತ್ತೆ ಹೊರಡುತ್ತವೆ. ಹುದ್ದೆಗೆ ಮತ್ತೊಮ್ಮೆ ಅರ್ಜಿ ಸಲ್ಲಿಸಬಹುದು.

11. ಸೇವೆಗಳನ್ನು ಪಡೆಯುವ ವಿಧಾನ

ಗರ್ಭ ಧರಿಸಿದ 12 ವಾರಗಳೊಳಗೆ ತಮ್ಮ ವ್ಯಾಪ್ತಿಯ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯ ಬಳಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಹೆರಿಗೆಗೆ ಮುನ್ನ ಕನಿಷ್ಠ 4 ಬಾರಿ ತಪಾಸಣೆ ಮಾಡಿಸಿಕೊಳ್ಳುವುದು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಕಿನಂದು, 4ನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಸಲಾಗುತ್ತಿದೆ. ತಪಾಸಣೆಯ ವೇಳೆ ತಾವು ಓಟದ ಅಭ್ಯಾಸ ಮಾಡುತ್ತಿರುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು. ಹಿಮೋಗ್ಲೋಬಿನ್, ರಕ್ತದೊತ್ತಡ ಹಾಗೂ ಮಾಸಿನ ಸ್ಥಾನ, ಈ ಮೂರನ್ನು ವಿಚಾರಿಸಿ ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳುವುದು.

ಈ ಪುಟದ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಪ್ರತಿಯೊಬ್ಬ ಗರ್ಭಿಣಿಯ ದೇಹಸ್ಥಿತಿ ಭಿನ್ನವಾಗಿರುವುದರಿಂದ ಅಂತಿಮ ಸಲಹೆಯನ್ನು ತಪಾಸಣೆ ನಡೆಸುವ ವೈದ್ಯರಿಂದಲೇ ಪಡೆಯಬೇಕೆಂದು ಕೋರಲಾಗಿದೆ.